ಟೆಟ್ ಪಾಸಾಯ್ತು, ಇನ್ನು ಚಾಕ್‌ಪೀಸ್ ಹಿಡಿಯುವ ಮಾತು



ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರನ್ನೇ ಕೊಡಿ ಎಂದು ನಾವು ಈ ಪುಟದಲ್ಲಿ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಕಾಸರಗೋಡಿನಲ್ಲಿ ಕನ್ನಡ ಬಾರದವರನ್ನು ಕನ್ನಡ ಮಕ್ಕಳ ಪಾಠಕ್ಕೆ ನೇಮಿಸಿದಾಗ ಮಕ್ಕಳು ತರಗತಿ ಬಿಟ್ಟು ಹೊರಗೆ ಕೂತದ್ದು, ಹೆತ್ತವರು ಗೇಟಿನ ಮುಂದೆ ನಿಂತದ್ದು ನಿಮಗೆಲ್ಲ ಗೊತ್ತು. ಬೇಡಿಕೆ ನ್ಯಾಯವಾದದ್ದೇ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ, ಏಳನೇ ತಿದ್ದುಪಡಿಯ ಮೂಲಕ ಅದು ಸೇರಿದ್ದು. ಗಡಿಯ ಆಚೆ ಉಳಿದುಬಿಟ್ಟ ನಮ್ಮಂಥವರಿಗಾಗಿಯೇ ಬಂದ ವಿಧಿ ಅದು.

ಇವತ್ತು ಬರೆಯುತ್ತಿರುವುದು ಆ ಬೇಡಿಕೆಯ ಇನ್ನೊಂದು ಮಗ್ಗುಲು. ನಾಳೆ ಆ ಹುದ್ದೆ ನಮ್ಮವರಿಗೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಲ್ಲಿ ಹೋಗಿ ನಿಲ್ಲುವ ನಮ್ಮ ಹುಡುಗ, ನಮ್ಮ ಹುಡುಗಿ ಕನ್ನಡದಲ್ಲಿ ಪಾಠ ಮಾಡಲು ತಯಾರಿದ್ದಾರಾ? ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು. ಕನ್ನಡದಲ್ಲಿ ಬರೆಯಲು, ಬರೆಸಲು, ಬರೆದದ್ದನ್ನು ತಿದ್ದಲು ಬರಬೇಕು. ಡಿ.ಎಲ್.ಎಡ್., ಬಿ.ಎಡ್. ಮಾಡುತ್ತಿರುವವರು, ಮುಗಿಸಿ ಟೆಟ್‌ಗೆ ಓದುತ್ತಿರುವವರು, ಜೂನ್‌ನಲ್ಲಿ ದಿನವೇತನದ ಕೆಲಸವಾದರೂ ಸಿಗಬಹುದಾ ಎಂದು ಕಾಯುತ್ತಿರುವವರು ಇದನ್ನು ಪೂರ್ತಿ ಓದಿ.

ಟೆಟ್‌ನ ಲೆಕ್ಕವನ್ನೇ ಮೊದಲು ನೋಡುವ. ಕೇರಳದ ಕೆ-ಟೆಟ್ ಆಗಲಿ, ಮಹಾರಾಷ್ಟ್ರ, ತಮಿಳುನಾಡು, ಆಂಧ್ರ, ತೆಲಂಗಾಣದ ಟೆಟ್ ಆಗಲಿ, ಕೇಂದ್ರದ ಸಿ-ಟೆಟ್ ಆಗಲಿ, ಎಲ್ಲದರಲ್ಲೂ ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳಬಹುದು. ಎಲ್ಲದರಲ್ಲೂ 150 ಪ್ರಶ್ನೆ, 150 ಅಂಕ. ಎಲ್ಲವೂ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವಂಥವು. ಸಾಮಾನ್ಯ ವಿಭಾಗದವರಿಗೆ ಪಾಸಾಗಲು 90 ಬೇಕು. 1ರಿಂದ 5ನೇ ತರಗತಿಗೆ ಕಲಿಸುವವರ ಪತ್ರಿಕೆಯಲ್ಲಿ ಕನ್ನಡಕ್ಕೆ 30 ಅಂಕ. ಈ 30 ಅಂಕಕ್ಕೆ ನೀವು ಕನ್ನಡದಲ್ಲಿ ಒಂದು ವಾಕ್ಯ ಕೂಡ ಬರೆಯಬೇಕಾಗಿಲ್ಲ. ಸಮಾಸ ಯಾವುದು, ಸಂಧಿ ಯಾವುದು, ಈ ಕೃತಿ ಬರೆದವರು ಯಾರು ಎಂದು ವೃತ್ತ ತುಂಬಿಸಿದರೆ ಆಯಿತು.

ಟೆಟ್ ಬೇಡ ಎಂದು ಹೇಳುತ್ತಿಲ್ಲ. ಅದನ್ನು ದಾಟದೆ ದಾರಿಯೇ ಇಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ, ಈಗಾಗಲೇ ಕೆಲಸದಲ್ಲಿದ್ದು ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಬಾಕಿ ಇರುವವರೂ 2 ವರ್ಷದೊಳಗೆ ಟೆಟ್ ಪಾಸಾಗಬೇಕು ಎಂದಾಗಿದೆ. ಹಾಗಾಗಿ ಈಗ ಮಾಷ್ಟ್ರೂ ಗೈಡ್ ಹಿಡಿದಿದ್ದಾರೆ, ಅವರ ಹಳೆಯ ವಿದ್ಯಾರ್ಥಿಯೂ ಅದೇ ಗೈಡ್ ಹಿಡಿದಿದ್ದಾನೆ. ಆದರೆ ಎರಡು ವರ್ಷ, ಮೂರು ವರ್ಷ ಬರೀ ಇದಕ್ಕೇ ಓದುತ್ತಾ ಹೋದರೆ ಕೈ ಏನು ಮರೆಯುತ್ತದೆ ಎಂದು ನೋಡಬೇಕು. ಟಿಪ್ಪಣಿ ಎಂದರೆ ವಾಟ್ಸ್ಯಾಪ್‌ನಲ್ಲಿ ಬಂದ ಪಿಡಿಎಫ್. ಬಿ.ಎಡ್. ರೆಕಾರ್ಡ್ ಎಂದರೆ ಹಿಂದಿನ ಬ್ಯಾಚಿನ ಅಕ್ಕನ ಪುಸ್ತಕ ನೋಡಿ ಇಳಿಸಿದ್ದು. ಮೊಬೈಲಿನಲ್ಲಿ ಕನ್ನಡ ಬರೆಯುವಾಗ ಅರ್ಧ ಪದ ಹೊಡೆದರೆ ಉಳಿದದ್ದನ್ನು ಕೀಬೋರ್ಡೇ ತುಂಬಿಸುತ್ತದೆ. ಕರಿಹಲಗೆಗೆ ಆ ಸೌಕರ್ಯ ಇಲ್ಲವಲ್ಲ.

ನನ್ನ ಕೆಲಸ ಬ್ಯಾಂಕಿನ ಕೌಂಟರಿನಲ್ಲಿ. ಖಾತೆಯಲ್ಲಿ ಹೆಸರು ತಪ್ಪಾಗಿದೆ, ವಿಳಾಸ ಬದಲಾಗಿದೆ ಎಂದು ಬರುವವರಿಗೆ ನಾಲ್ಕು ಸಾಲಿನ ಅರ್ಜಿ ಬರೆದು ಕೊಡಿ, ಕನ್ನಡದಲ್ಲೇ ಸಾಕು ಎಂದು ಹೇಳುತ್ತೇನೆ. ಅರುವತ್ತು ದಾಟಿದ, ಏಳನೇ ಕ್ಲಾಸು ಓದಿದ ಅಜ್ಜಂದಿರು ಅಲ್ಲೇ ನಿಂತು ಬರೆದು ಕೊಡುತ್ತಾರೆ. ಬಿ.ಎಡ್. ಆದವರು 'ಫಾರ್ಮ್ ಇಲ್ವಾ ಸರ್' ಎನ್ನುತ್ತಾರೆ. ಫಾರ್ಮ್ ಇದ್ದರೆ ತುಂಬಿಸಲು ಬರುತ್ತದೆ, ಖಾಲಿ ಹಾಳೆ ಕೊಟ್ಟರೆ ಪೆನ್ನು ನಿಲ್ಲುತ್ತದೆ. ನಾಳೆ ಇವರೇ ಮಕ್ಕಳ ಕೈಯಲ್ಲಿ ಖಾಲಿ ಹಾಳೆ ಕೊಟ್ಟು 'ಪ್ರಬಂಧ ಬರೆಯಿರಿ' ಎಂದು ಹೇಳಬೇಕಾದವರು.

ಇನ್ನು ತರಗತಿ. ಶಿಸ್ತು, ತರಗತಿ ನಿರ್ವಹಣೆ ಎಂದು ಬಿ.ಎಡ್.ನಲ್ಲಿ ಒಂದು ಅಧ್ಯಾಯವೇ ಇರುತ್ತದೆ. ಅದನ್ನು ಓದುವಾಗ ಕಣ್ಣ ಮುಂದೆ ಬರುವುದು ಒಂದು ಕೋಣೆ, ಒಂದು ತರಗತಿ, ಒಬ್ಬ ಅಧ್ಯಾಪಕ. ನಮ್ಮ ಗಡಿ ತಾಲೂಕುಗಳ ಸಣ್ಣ ಶಾಲೆ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ರವರೆಗೆ ಒಟ್ಟು 60 ಮಕ್ಕಳ ತನಕ ಇಬ್ಬರೇ ಅಧ್ಯಾಪಕರು. ಇದು ಕಾನೂನು ಸರಿಯಾಗಿ ಪಾಲನೆಯಾದಾಗಿನ ಲೆಕ್ಕ. ಅಂದರೆ ಒಬ್ಬರಿಗೆ ಎರಡು ತರಗತಿ, ಕೆಲವು ಕಡೆ ಮೂರು. ಇನ್ನೊಬ್ಬರು ಮೀಟಿಂಗಿಗೋ ತರಬೇತಿಗೋ ಹೋದ ದಿನ ಇಡೀ ಶಾಲೆ ನಿಮ್ಮದೇ. ಜತ್ತ, ಅಕ್ಕಲಕೋಟೆ ಕಡೆಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ, ಇದೇ ಕಥೆ ಹೇಳುತ್ತಾರೆ.

ಈಗ 40 ನಿಮಿಷದ ಒಂದು ಪೀರಿಯಡ್ ತೆಗೆದುಕೊಳ್ಳಿ. ಒಂದೇ ಕೋಣೆಯಲ್ಲಿ ಎರಡನೆಯವರು ಒಂದು ಬದಿ, ನಾಲ್ಕನೆಯವರು ಒಂದು ಬದಿ. ಎರಡನೆಯವರಿಗೆ 20 ನಿಮಿಷ ಒತ್ತಕ್ಷರ ಹೇಳಿಕೊಡುತ್ತೀರಿ. ಆ 20 ನಿಮಿಷ ನಾಲ್ಕನೆಯವರು ಏನು ಮಾಡಬೇಕು? ನಮ್ಮ ಶಾಲೆಗಳ ತರಗತಿ ನಿರ್ವಹಣೆಯ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯಲ್ಲೇ ಇದೆ. ಅವರಿಗೆ ಕೆಲಸ ಇಲ್ಲದಿದ್ದರೆ ಗಲಾಟೆ, ಗಲಾಟೆ ಆದರೆ ನಿಮ್ಮ ಬೊಬ್ಬೆ, ನಿಮ್ಮ ಬೊಬ್ಬೆಗೆ ಎರಡನೆಯವರ ಒತ್ತಕ್ಷರವೂ ಹೋಯಿತು.

ಹೆಚ್ಚಿನವರು ಮಾಡುವುದು 'ಪಾಠ ನೋಡಿ ಬರೆಯಿರಿ' ಎಂದು ಬಿಡುವುದು. ನೋಡಿ ಬರೆಯುವ ಕೆಲಸವನ್ನು ಚುರುಕಿನ ಮಗು ಐದು ನಿಮಿಷದಲ್ಲಿ ಮುಗಿಸಿ ಪಕ್ಕದವನ ಪೆನ್ಸಿಲ್ ಎಳೆಯುತ್ತದೆ. ನಿಧಾನದ ಮಗುವಿಗೆ ಅದು ಗಂಟೆ ಹೊಡೆದರೂ ಮುಗಿಯುವುದಿಲ್ಲ. ಇಬ್ಬರೂ ಒಂದಕ್ಷರ ಯೋಚಿಸಿರುವುದಿಲ್ಲ. ಕೊಡುವ ಬರವಣಿಗೆ ಹೇಗಿರಬೇಕು ಎಂದರೆ, ಯಾರ ಸಹಾಯ ಇಲ್ಲದೆ ಶುರು ಮಾಡುವಂತಿರಬೇಕು, ಚುರುಕಿನವನಿಗೆ ಇನ್ನೂ ನಾಲ್ಕು ಸಾಲು ಸೇರಿಸಲು ಜಾಗ ಇರಬೇಕು, ಎರಡೇ ಸಾಲು ಬರೆದವಳಿಗೂ ಏನೋ ಬರೆದೆ ಎಂಬ ಸಮಾಧಾನ ಇರಬೇಕು. ಉದಾಹರಣೆಗೆ: 'ಊರಿಗೆ ಹೊಸಬರೊಬ್ಬರು ಬಂದಿದ್ದಾರೆ. ಬಸ್ ಇಳಿದಲ್ಲಿಂದ ನಿಮ್ಮ ಮನೆಗೆ ಬರುವ ದಾರಿ ಬರೆದು ಕೊಡಿ. ಯಾವ ಅಂಗಡಿ, ಯಾವ ಮರ, ಎಲ್ಲಿ ತಿರುಗಬೇಕು.' ಇದನ್ನು ಬರೆದ ಮೇಲೆ ಪಕ್ಕದವರು ಓದಿ, 'ನನಗೆ ನಿನ್ನ ಮನೆ ಸಿಗ್ಲಿಲ್ಲ' ಎಂದು ಹೇಳಬಹುದು. ಆಗ ತಿದ್ದುವ ಕೆಲಸ ಅರ್ಧ ಅವರವರಲ್ಲೇ ಆಯಿತು. ನಿಮಗೆ 20 ನಿಮಿಷ ಸಿಕ್ಕಿತು.

ಆದರೆ ಇಂಥ ಪ್ರಶ್ನೆ ಹಲಗೆಯ ಮೇಲೆ ಹಾಕುವ ಮೊದಲು ನೀವೇ ಒಂದು ಸಲ ಬರೆದು ನೋಡಿರಬೇಕು. ದಾರಿ ಹೇಳುವಾಗ ಎಡ, ಬಲ ಯಾರ ಕಡೆಯಿಂದ ಎಂದು ಎಲ್ಲಿ ಗೊಂದಲ ಆಗುತ್ತದೆ, 'ಆಮೇಲೆ' ಎಂಬ ಪದ ಎಷ್ಟು ಸಲ ಬರುತ್ತದೆ, 'ಅಲ್ಲಿಂದ', 'ದಾಟಿದ ಕೂಡಲೆ', 'ಎದುರಿಗೆ' ಎಂಬ ಪದಗಳನ್ನು ಮೊದಲೇ ಹಲಗೆಯ ಮೂಲೆಯಲ್ಲಿ ಬರೆದಿಡಬೇಕಾ ಎಂಬುದು ಬರೆದವರಿಗೆ ಮಾತ್ರ ಗೊತ್ತಾಗುತ್ತದೆ. ಅಧ್ಯಾಪಕರಿಗೆ ಬರೆಯುವ ಅಭ್ಯಾಸ ಬೇಕು ಎನ್ನುವುದು ಕವಿಯೋ ಕತೆಗಾರರೋ ಆಗಲಿಕ್ಕೆ ಅಲ್ಲ, ಮಗು ಎಲ್ಲಿ ತಡೆಯುತ್ತದೆ ಎಂದು ತಿಳಿಯಲಿಕ್ಕೆ.

ಅಂದ ಹಾಗೆ, ಕವಿಗಳಾದ ಅಧ್ಯಾಪಕರೂ ನಮ್ಮಲ್ಲಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದವರು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡವರು. ಗಡಿಯ ಹೋರಾಟ, ಕೃಷಿ, ಪಾಠ, ಬರವಣಿಗೆ ಎಲ್ಲವನ್ನೂ ಒಟ್ಟಿಗೆ ಮಾಡಿದ ಆ ತಲೆಮಾರನ್ನು ನಾವು ಭಾಷಣದಲ್ಲಿ ನೆನೆಯುತ್ತೇವೆ. ಅವರ ಹಾಗೆ ದಿನಾ ಪೆನ್ನು ಹಿಡಿಯುವುದು ಮಾತ್ರ ಬಿಟ್ಟಿದ್ದೇವೆ.

ಹಲಗೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಹೊಸಬರ ತರಗತಿ ಕೆಡುವುದು ಹೆಚ್ಚಾಗಿ ಅಲ್ಲೇ. ಬೆನ್ನು ಹಾಕಿ ಐದು ನಿಮಿಷ ಬರೆಯುತ್ತಾ ನಿಂತರೆ ಹಿಂದೆ ಸಂತೆ ಶುರುವಾಗುತ್ತದೆ. ಮಕ್ಕಳ ತಪ್ಪಲ್ಲ ಅದು. ದೊಡ್ಡವರ ಮೀಟಿಂಗಿನಲ್ಲೂ ಅಧ್ಯಕ್ಷರು ಬೆನ್ನು ಹಾಕಿದರೆ ಮಾತು ಶುರುವಾಗುತ್ತದೆ. ಮಕ್ಕಳಿಗೆ ಪೂರ್ತಿ ಬೆನ್ನು ಕೊಡದೆ, ಸ್ವಲ್ಪ ಓರೆಯಾಗಿ ನಿಂತು, ಬರೆಯುವ ಪ್ರತಿ ಪದವನ್ನು ಗಟ್ಟಿಯಾಗಿ ಹೇಳುತ್ತಾ ಬರೆಯಬೇಕು. ಉದ್ದದ ಬರಹ ಇದ್ದರೆ ಗಂಟೆ ಹೊಡೆಯುವ ಮೊದಲೇ ಹೋಗಿ ಬರೆದಿಡಬೇಕು. ಎರಡು ತರಗತಿ ಇದ್ದರೆ ಹಲಗೆಯ ನಡುವೆ ಒಂದು ಗೆರೆ ಎಳೆದು, ಯಾವ ಬದಿ ಯಾರದ್ದು ಎಂದು ವರ್ಷವಿಡೀ ಬದಲಾಯಿಸದೆ ಇಡಬೇಕು. ಬರೆದ ಮೇಲೆ ಒಂದು ಸಲ ಕೊನೆಯ ಬೆಂಚಿನ ತನಕ ನಡೆದು ಹೋಗಿ ನಿಮ್ಮ ಅಕ್ಷರ ನಿಮಗೇ ಕಾಣುತ್ತದಾ ನೋಡಿ. ಕನ್ನಡದ ಒತ್ತುಗಳು ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗಿ, ಮಗು ಅದನ್ನು ಹಾಗೆಯೇ ಇಳಿಸಿಕೊಳ್ಳುತ್ತದೆ. ಇಂಗ್ಲಿಷ್ ಮಾಧ್ಯಮದ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಮಾಡಬೇಕಾದ ಕೆಲಸವನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಹಲಗೆಯಲ್ಲಿ ಬರೆಯಿರಿ. 'ಟೀಚರ್, ಎಂತ ಮಾಡ್ಬೇಕು?' ಎಂದು ಹತ್ತು ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದರೆ ಅದೇ ಹತ್ತು ಸಲ ಪಾಠ ನಿಲ್ಲುವುದು. ಬರೆದದ್ದು ಇದ್ದರೆ ಬೆರಳು ತೋರಿಸಿದರೆ ಸಾಕು.

ಶುದ್ಧ ಬರಹದ ಬಗ್ಗೆ ಒಂದು ಕಹಿ ಮಾತು. 'ಕನ್ನಡ ಮಾದ್ಯಮ ಉಳಿಸಿ' ಎಂಬ ಬ್ಯಾನರು ನಮ್ಮದೇ ಮೆರವಣಿಗೆಗಳಲ್ಲಿ ಕಾಣುತ್ತದೆ. ಮಾಧ್ಯಮಕ್ಕೆ ಮಹಾಪ್ರಾಣ ಇಲ್ಲ, ಉಳಿಸುವುದು ಯಾವುದನ್ನು ಮಾರ್ರೆ? ಹಾಗೆಯೇ ವಿದ್ಯಾರ್ಥಿ 'ವಿಧ್ಯಾರ್ಥಿ'ಯಾಗಿ, ಶುಭಾಶಯ 'ಶುಭಾಷಯ'ವಾಗಿ, ಹಾರ್ದಿಕ 'ಹಾರ್ಧಿಕ'ವಾಗಿ ಫ್ಲೆಕ್ಸುಗಳ ಮೇಲೆ ಕೂತಿವೆ. ಪೋಸ್ಟರಿನಲ್ಲಿ ತಪ್ಪಾದರೆ ಒಂದು ವಾರಕ್ಕೆ ಅದನ್ನು ಕಿತ್ತು ತೆಗೆಯುತ್ತಾರೆ. ಹಲಗೆಯ ಮೇಲೆ ತಪ್ಪಾದರೆ 20 ಪುಸ್ತಕಕ್ಕೆ ಇಳಿಯುತ್ತದೆ, ಆ ಮಕ್ಕಳು ದೊಡ್ಡವರಾಗಿ ಬ್ಯಾನರು ಬರೆಸುತ್ತಾರೆ. ತನಗೆ ಯಾವ 50 ಪದ ಯಾವಾಗಲೂ ತಪ್ಪುತ್ತದೆ ಎಂದು ಒಂದು ಪಟ್ಟಿ ಮಾಡಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಟ್ಟುಕೊಂಡರೆ ಆರು ತಿಂಗಳಲ್ಲಿ ಅದು ಸರಿಯಾಗುವ ಕೆಲಸ. ಹಾಜರಿ ಪುಸ್ತಕದ ಹೆಸರುಗಳಿಂದಲೇ ಶುರು ಮಾಡಬಹುದು. ಕೃತಿಕಾ ಬೇರೆ, 'ಕ್ರತಿಕಾ' ಬೇರೆ. ತನ್ನ ಹೆಸರನ್ನೇ ತಪ್ಪಾಗಿ ಬರೆಯುವ ಟೀಚರ ಮಾತನ್ನು ಆ ಹುಡುಗಿ ಎಷ್ಟು ದಿನ ಕೇಳಿಯಾಳು?

ಇಷ್ಟೆಲ್ಲ ಶುದ್ಧದ ಮಾತಾಡಿ ಮಕ್ಕಳ ಮನೆಮಾತನ್ನು ಅಶುದ್ಧ ಎಂದುಬಿಟ್ಟರೆ ಕೆಲಸ ಕೆಟ್ಟಿತು. ಗಡಿಯ ತರಗತಿಯ ವಿಶೇಷವೇ ಅದು. ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಕೊಂಕಣಿ, ಮಲಯಾಳ, ಮರಾಠಿ, ತೆಲುಗು ಆಗಿರುತ್ತದೆ. ಮನೆಯಲ್ಲಿ ಕನ್ನಡವೇ ಇದ್ದರೂ ಅದರಲ್ಲಿ ಪಕ್ಕದ ಭಾಷೆಯ ಪದ ಇರುತ್ತದೆ. ಮಡಕಶಿರದ ಕಡೆ ತೆಲುಗು ಕೇಳಿ ಬೆಳೆದ ಮಗು 'ಬಡಿಗೆ ಹೋಗ್ತೀನಿ' ಎಂದರೆ ಶಾಲೆಗೆ ಹೋಗ್ತೀನಿ ಎಂದರ್ಥ, ತೆಲುಗಿನಲ್ಲಿ ಬಡಿ ಎಂದರೆ ಶಾಲೆ. ಕನ್ನಡದಲ್ಲಿ ಬಡಿಗೆ ಎಂದರೆ ದೊಣ್ಣೆ. ಹೊಸೂರಿನ ಮಗುವಿಗೆ ತಮಿಳಿನ ಪಳ್ಳಿ ಶಾಲೆ, ಕಾಸರಗೋಡಿನ ಮಗುವಿಗೆ ಪಳ್ಳಿ ಎಂದರೆ ಮಸೀದಿ. ಸೊಲ್ಲಾಪುರದ ಕಡೆಯ ಹುಡುಗ 'ಸರ, ನಾಳೆ ಸೂಟಿ ಐತ್ರಿ?' ಎಂದು ಕೇಳುತ್ತಾನೆ. ತುಳು, ಮಲಯಾಳ ಕೇಳುತ್ತಾ ಬೆಳೆದ ನಮ್ಮ ಕಡೆಯ ಮಗು 'ನಾಯಿ ಕೊರೆಯುತ್ತದೆ' ಎಂದು ಬರೆಯುತ್ತದೆ, ಬೊಗಳುತ್ತದೆ ಎಂಬರ್ಥದಲ್ಲಿ. ಪುಸ್ತಕದ ಕನ್ನಡದಲ್ಲಿ ಅದನ್ನು ಓದಿದರೆ ನಾಯಿ ಬಡಗಿಯ ಕೆಲಸಕ್ಕೆ ಇಳಿದ ಹಾಗಾಗುತ್ತದೆ.

ಇದಕ್ಕೆ ನಗಬಹುದು, ಮಗುವಿನ ಜೊತೆ ಸೇರಿ ನಗುವುದಾದರೆ. ಆಮೇಲೆ ಹಲಗೆಯ ಮೇಲೆ ಎರಡನ್ನೂ ಅಕ್ಕಪಕ್ಕ ಬರೆಯಿರಿ: ಮನೆಯಲ್ಲಿ ಸೂಟಿ, ಪುಸ್ತಕದಲ್ಲಿ ರಜೆ. ಗೋಡೆಯ ಮೇಲೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿ ಇಂಥ ಜೋಡಿಗಳನ್ನು ಮಕ್ಕಳಿಂದಲೇ ಬರೆಸಿದರೆ, ವರ್ಷದ ಕೊನೆಗೆ ಯಾವ ನಿಘಂಟಿನಲ್ಲೂ ಇಲ್ಲದ ಪಟ್ಟಿಯೊಂದು ನಿಮ್ಮಲ್ಲಿರುತ್ತದೆ. ಬಾಯಿ ತೆರೆದರೆ ಬೈಗುಳ ಸಿಗುತ್ತದೆ ಎಂದಾದರೆ ಮಗು ಬಾಯಿ ಮುಚ್ಚುತ್ತದೆ. ತರಗತಿ ಶಾಂತವಾಗಿದೆ ಎಂದು ನೀವು ಖುಷಿಪಟ್ಟರೆ ಅದು ಮೋಸದ ಶಾಂತಿ.

ದೊಡ್ಡ ತರಗತಿಗಳಲ್ಲಿ ಈ ತೊಡಕು ಇನ್ನೂ ಗಟ್ಟಿ. ಮಲಯಾಳದ ಗಣಿತದಲ್ಲಿ ಘಟಕ ಎಂದರೆ ಅಪವರ್ತನ. ಕನ್ನಡದಲ್ಲಿ ಘಟಕ ಎಂದರೆ ಪುಸ್ತಕದ ಯೂನಿಟ್ಟು. '12ರ ಘಟಕಗಳನ್ನು ಬರೆಯಿರಿ' ಎಂದು ಕೇಳಿದರೆ ಕನ್ನಡ ಮಗು ಎಲ್ಲಿ ಹೋಗಬೇಕು? ಕನ್ನಡ ಬಲ್ಲ ಅಧ್ಯಾಪಕರು ಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಆದರೆ ಪಿಯುಸಿ, ಡಿಗ್ರಿಯನ್ನು ಇಂಗ್ಲಿಷಿನಲ್ಲಿ ಓದಿ ಬಂದ ನಮ್ಮ ಹುಡುಗರಿಗೂ ಅಪವರ್ತನ ಯಾವುದು, ಅಪವರ್ತ್ಯ ಯಾವುದು, ಅಂಶ ಮೇಲೋ ಛೇದ ಮೇಲೋ ಎಂದು ತಟ್ಟನೆ ಹೇಳಲು ಬರದಿದ್ದರೆ ನಮ್ಮ ಹಟಕ್ಕೆ ಬಲ ಎಲ್ಲಿಂದ ಬರಬೇಕು? ನಿಮ್ಮ ವಿಷಯದ 8, 9, 10ನೇ ತರಗತಿಯ ಕನ್ನಡ ಪಠ್ಯಪುಸ್ತಕ ತಂದು, ಅದರಲ್ಲಿನ ಪದಗಳನ್ನು ಒಂದು ನೋಟ್‌ಬುಕ್ಕಿಗೆ ಕೈಯಾರೆ ಬರೆದು, ಪ್ರತಿ ಪದಕ್ಕೂ ನಿಮ್ಮದೇ ಒಂದು ವಾಕ್ಯ ಹಾಕಿ. ಒಂದು ಬೇಸಿಗೆ ರಜೆಯ ಕೆಲಸ.

ತಮಿಳುನಾಡಿನವರಿಗೆ ಇದು ಇನ್ನೂ ಜರೂರು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಅಲ್ಲಿ ಹತ್ತನೆಯವರೆಗೆ ತಮಿಳು ಕಡ್ಡಾಯ. ಹೊಸೂರು, ತಾಳವಾಡಿಯ ಮಗುವಿಗೆ ಕನ್ನಡ ಬರೆಯಲು ಸಿಗುವ ಹೊತ್ತು ಎಷ್ಟೋ ಅಷ್ಟೇ. ಆ ಒಂದು ಪೀರಿಯಡನ್ನು ಗದ್ದಲ ಅಡಗಿಸುವುದರಲ್ಲಿ ಕಳೆದರೆ ವಾಪಸು ಸಿಗುವುದಿಲ್ಲ.

ಬೆತ್ತದ ಬಗ್ಗೆ ಎರಡೇ ಮಾತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಾಗಾದರೆ ಹೆದರಿಕೆ ಇಲ್ಲದೆ ಮಕ್ಕಳು ಹೇಗೆ ಕೇಳ್ತಾರೆ ಎಂದು ಕೇಳುವವರಿಗೆ: ಹೆಸರು ಹಿಡಿದು ಕರೆಯಿರಿ, ದನಿ ಏರಿಸುವ ಬದಲು ಮಾತು ನಿಲ್ಲಿಸಿ ಆ ಮಗುವಿನ ಹತ್ತಿರ ಹೋಗಿ ನಿಲ್ಲಿ, ದಿನದ ಕ್ರಮವನ್ನು ದಿನಾ ಬದಲಾಯಿಸಬೇಡಿ. ಇಷ್ಟರಲ್ಲಿ ಮುಗಿಯದ ಗಲಾಟೆಗೆ ಬೇರೆ ಕಾರಣ ಇರುತ್ತದೆ. ಹಸಿವೆಯೋ, ಮನೆಯ ಜಗಳವೋ, ಕಣ್ಣು ಕಾಣದ್ದೋ. ಹಲಗೆ ಕಾಣದೆ ಗಲಾಟೆ ಮಾಡುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ.

ಇನ್ನು ನೋಟ್‌ಬುಕ್ ತಿದ್ದುವುದು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಹೆತ್ತವರು ಶಾಲೆಯನ್ನು ಅಳೆಯುವುದು ರಾತ್ರಿ ಚೀಲದಿಂದ ಹೊರಬರುವ ಆ ನೋಟ್‌ಬುಕ್ಕಿನಿಂದ. ಮೂರು ವಾರದಿಂದ ಕೆಂಪು ಗೆರೆ ಬಿದ್ದಿಲ್ಲ ಎಂದು ಕಂಡರೆ ಮುಂದಿನ ವರ್ಷ ಆ ಮಗು ಇಂಗ್ಲಿಷ್ ಮಾಧ್ಯಮದ ಹಳದಿ ವ್ಯಾನು ಹತ್ತುತ್ತದೆ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಮಕ್ಕಳು ಮತ್ತೆ ಕಡಿಮೆ. ಎಷ್ಟು ಹೋರಾಟ ಮಾಡಿದರೂ ಈ ಸುತ್ತು ನಿಲ್ಲುವುದು ಕಷ್ಟ.

ಕಾಮರ್ಸ್ ಓದಿದವನ ಲೆಕ್ಕ ಹೇಳುತ್ತೇನೆ. 30 ಪುಸ್ತಕ, ಒಂದಕ್ಕೆ 4 ನಿಮಿಷ ಎಂದರೆ 2 ಗಂಟೆ. ದಿನಾ ಯಾರಿಂದಲೂ ಆಗದು, ಹಾಗಾಗಿಯೇ ಯಾರೂ ಮಾಡುವುದಿಲ್ಲ. ದಿನಕ್ಕೆ 10 ಪುಸ್ತಕ ಎಂದು ಮೂರು ಗುಂಪು ಮಾಡಿದರೆ 40 ನಿಮಿಷ, ಪ್ರತಿ ಮಗುವಿನ ಪುಸ್ತಕ ವಾರಕ್ಕೆ ಎರಡು ಸಲದ ಹತ್ತಿರ ಹತ್ತಿರ ನಿಮ್ಮ ಕೈಗೆ ಬರುತ್ತದೆ. ಎಲ್ಲಾ ತಪ್ಪಿಗೂ ಕೆಂಪು ಹಾಕಬೇಡಿ. ಪುಟ ರಕ್ತ ಸುರಿದ ಹಾಗಾದರೆ ಮಗು ಅದನ್ನು ನೋಡುವುದೇ ಇಲ್ಲ. ಈ ವಾರ ಒತ್ತಕ್ಷರ ಮಾತ್ರ, ಬರುವ ವಾರ ವಾಕ್ಯದ ಕೊನೆ ಮಾತ್ರ. ಅಡಿಯಲ್ಲಿ ಸಹಿಯ ಜೊತೆ ಒಂದು ಸಾಲು ಬರೆಯಿರಿ, 'ನೋಡಿದೆ' ಎಂದಲ್ಲ, 'ನಿಮ್ಮ ಮನೆಯ ಹಟ್ಟಿಯ ವಿಷಯ ಚೆನ್ನಾಗಿ ಬರೆದಿದ್ದಿ, ಹೋರಿಗೆ ಹೆಸರು ಇಲ್ವಾ?' ಎಂಬಂಥದ್ದು. ಆ ಸಾಲನ್ನು ತಾಯಿಯೂ ಓದುತ್ತಾರೆ.

ಬ್ಯಾಂಕಿನಲ್ಲಿ ಒಂದು ಪದ್ಧತಿ ಇದೆ. ಸಂಜೆ ಕ್ಯಾಶ್ ತಾಳೆಯಾಗದೆ ಏಳುವ ಹಾಗಿಲ್ಲ. ಅಧ್ಯಾಪಕರಿಗೂ ಹಾಗೊಂದು ಪುಸ್ತಕ ಇದೆ. ಕೇರಳದಲ್ಲಿ ಟೀಚಿಂಗ್ ಮಾನ್ಯುವಲ್ ಎನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಟಾಚಣ, ಬೇರೆ ಕಡೆ ಪಾಠ ಟಿಪ್ಪಣಿ. ಹೆಚ್ಚಿನವರಿಗೆ ಅದು ಮೇಲಧಿಕಾರಿಗೆ ತೋರಿಸುವ ಪುಸ್ತಕ. ನಾಳೆ ಏನು ಮಾಡುತ್ತೇನೆ ಎಂದು ಒಂದು ಪುಟ ತುಂಬಿಸುತ್ತಾರೆ, ಇವತ್ತು ಏನಾಯಿತು ಎಂದು ಬರೆಯುವ ಜಾಗ ಖಾಲಿ. ನೀವು ಮೂರೇ ಸಾಲು ಬರೆಯಿರಿ. ಇವತ್ತು ಯಾರಿಗೆ ಅರ್ಥವಾಗಲಿಲ್ಲ, ಹೆಸರು ಸಮೇತ. ಗಲಾಟೆ ಎಷ್ಟು ಹೊತ್ತಿಗೆ ಶುರುವಾಯಿತು, ಆಗ ನಾನು ಏನು ಮಾಡುತ್ತಿದ್ದೆ. ನಾಳೆ ಮೊದಲು ಯಾರನ್ನು ಕೇಳಬೇಕು. ಹದಿನೈದು ದಿನದ ಮೂರು ಮೂರು ಸಾಲು ಒಟ್ಟಿಗೆ ಓದಿದರೆ, ಮಧ್ಯಾಹ್ನದ ಊಟದ ನಂತರದ ಪೀರಿಯಡಿಗೆ ವ್ಯಾಕರಣ ಇಡಬಾರದು ಎಂಬಂಥ ವಿಷಯ ನಿಮಗೇ ಗೊತ್ತಾಗುತ್ತದೆ. ಅದನ್ನು ಯಾವ ಬಿ.ಎಡ್. ಗೈಡೂ ನಿಮ್ಮ ಶಾಲೆಯ ಬಗ್ಗೆ ಹೇಳಲಾರದು.

ಇನ್ನೂ ಕೆಲಸ ಸಿಗದವರು, ತರಗತಿ ಇಲ್ಲದೆ ಇದನ್ನೆಲ್ಲ ಹೇಗೆ ಅಭ್ಯಾಸ ಮಾಡುವುದು ಎಂದು ಕೇಳಬಹುದು. ದಿನಕ್ಕೆ ಅರ್ಧ ಪುಟ, ಕೈಬರಹ, ಇಪ್ಪತ್ತು ನಿಮಿಷ. ಸಾಹಿತ್ಯ ಬೇಡ. ನಿಮಗೆ ಗೊತ್ತಿರುವ ಒಂದು ಕೆಲಸವನ್ನು ಐದನೇ ತರಗತಿಯ ಮಗುವಿಗೆ ಅರ್ಥವಾಗುವ ಹಾಗೆ ಬರೆಯಿರಿ. ನಮ್ಮ ಕಡೆಯ ಅಡಿಕೆ ತೋಟದ ಮಕ್ಕಳಿಗೆ ಕೊಳೆರೋಗದ ಮದ್ದು ಗೊತ್ತು: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಈಗ ಬರೆಯಲು ಕೂರಿ. ಮೈಲುತುತ್ತನ್ನು 50 ಲೀಟರಿನಲ್ಲಿ ಬೇರೆ ಕರಗಿಸಬೇಕು, ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆ. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಲಕುತ್ತಾ. ಕಬ್ಬಿಣದ ಕತ್ತಿ ಅದ್ದಿ ನೋಡಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ತೋಟದಲ್ಲಿ ಇದನ್ನು ಹತ್ತು ವರ್ಷ ಮಾಡಿದವರೂ ಬರೆಯುವಾಗ ಯಾವುದನ್ನು ಯಾವುದಕ್ಕೆ ಹೊಯ್ಯುವುದು ಎಂಬ ಸಾಲಿನಲ್ಲಿ ತಪ್ಪುತ್ತಾರೆ, ಯಾಕೆಂದರೆ ಕೈಗೆ ಗೊತ್ತಿರುವುದಕ್ಕೆ ವಾಕ್ಯ ಮಾಡಿ ರೂಢಿ ಇಲ್ಲ. ಅಧ್ಯಾಪಕರ ಕೆಲಸವೇ ಆ ವಾಕ್ಯ ಮಾಡುವುದು. ಬರೆದದ್ದನ್ನು ನಿಜವಾಗಿ ಒಂದು ಐದನೆಯ ಮಗುವಿಗೆ ಓದಲು ಕೊಡಿ, ಪಕ್ಕದ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಎಲ್ಲಿ 'ಅಂದ್ರೆ ಎಂತ?' ಎಂದು ಕೇಳುತ್ತದೋ ಅಲ್ಲಿ ಗೆರೆ ಹಾಕಿ ಮತ್ತೆ ಬರೆಯಿರಿ.

ಜತ್ತದವರು ದಾಳಿಂಬೆ ತೋಟದ್ದು ಬರೆಯಬಹುದು, ರಾಯದುರ್ಗದವರು ಶೇಂಗಾ ಬಿತ್ತನೆಯದ್ದು, ಸೊಲ್ಲಾಪುರದವರು ಚಾದರ ಮಗ್ಗದ್ದು, ನೀಲಗಿರಿಯವರು ಚಹಾ ಎಲೆ ಕೀಳುವುದು. ಬರೆದವರು ಹಾಳೆಯ ಫೋಟೋ ತೆಗೆದು ಈ ಪುಟಕ್ಕೆ ಕಳಿಸಿ. ಟೈಪ್ ಮಾಡಿದ್ದು ಬೇಡ, ಕೈಬರಹವೇ ಇರಲಿ. ಮೇಲೆ ತಾಲೂಕಿನ ಹೆಸರು ಮಾತ್ರ ಹಾಕಿ, ನಿಮ್ಮ ಹೆಸರು ನಾವು ಹಾಕುವುದಿಲ್ಲ. ನಮ್ಮ ಬಳಗದಲ್ಲಿ ನಿವೃತ್ತ ಅಧ್ಯಾಪಕರು ನಾಲ್ಕೈದು ಮಂದಿ ಇದ್ದಾರೆ, ಕೆಂಪು ಪೆನ್ನು ಇನ್ನೂ ಬಿಟ್ಟಿಲ್ಲ ಅವರು. ತಿದ್ದಿ ವಾಪಸು ಕಳಿಸುತ್ತಾರೆ, ಒಂದು ವಾರಕ್ಕೆ ಒಂದೇ ಬಗೆಯ ತಪ್ಪು ತೋರಿಸಿ ಎಂದು ಅವರಿಗೂ ಹೇಳಿಟ್ಟಿದ್ದೇವೆ.